ಮೂರನೆಯ ತಂತಿಗೆ ಎಂಬತ್ತು

ಮಾರ್ಚ್ 4

ಮಾವ, ನಮಸ್ಕಾರ.

ಏಳು ತಿಂಗಳಾದ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ, ಕೆಟ್ಟ ಸುದ್ದಿ ಏನೂ ಇಲ್ಲ. ಫೋನ್ ಮಾಡೋಣವೆಂದುಕೊಂಡೆ. ಆದರೆ ಫೋನಿನಲ್ಲಿ ನಿಮಗೆ ಅರ್ಧ ಮಾತು ಕೇಳಿಸುವುದಿಲ್ಲ. ಇನ್ನರ್ಧಕ್ಕೆ ಕೇಳಿಸಿದವರ ಹಾಗೆ ಹೂಂಗುಟ್ಟಿಬಿಡುತ್ತೀರಿ. ಮೂವತ್ತು ವರ್ಷ ಲಿಫ್ಟಿನ ಮೋಟಾರುಗಳ ಪಕ್ಕ ನಿಂತವರ ಕಿವಿಗೆ ಕಾಗದವೇ ವಾಸಿ.

ಅಕ್ಕನ ಮನೆಯಿಂದ ಹೊರಟು ಇಲ್ಲೊಂದು ಕೋಣೆ ಹಿಡಿದಿದ್ದೇನೆ. ಮೂರನೆಯ ಮಹಡಿ, ಒಂದೇ ಕಿಟಕಿ, ಎದುರಿಗೆ ಇಸ್ತ್ರಿ ಅಂಗಡಿಯ ಹಿಂಬಾಗಿಲು. ಬೆಳಿಗ್ಗೆಯಿಂದ ನಾಲ್ಕರವರೆಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸಬೇಕು. ಎಡಗೈ ಗಾಜನ್ನು ಹಿಡಿದುಕೊಂಡರೆ ಸಾಕು, ಅಷ್ಟು ಮಾಡುತ್ತದೆ. ಉಂಗುರದ ಬೆರಳೂ ಕಿರುಬೆರಳೂ ಇನ್ನೂ ಪೂರ್ತಿ ಮಡಚುವುದಿಲ್ಲ. ಮೂಳೆ ಕೂಡಿದೆ, ಬಲ ಬಂದಿಲ್ಲ. ಕೈಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, ಮೊದಲು ಯಾವ ಕೆಲಸ ಇಷ್ಟಪಟ್ಟು ಮಾಡುತ್ತಿದ್ದೆಯೋ ಅದನ್ನೇ ಮತ್ತೆ ನಿಧಾನವಾಗಿ ಶುರು ಮಾಡು ಎಂದರು.

ಅದಕ್ಕೇ ಈ ಕಾಗದ. ನನ್ನ ಬೇಸ್ ಗಿಟಾರ್ ನಿಮ್ಮ ಸಾಮಾನು ಕೋಣೆಯಲ್ಲಿ, ಹೊಲಿಗೆ ಯಂತ್ರದ ಹಿಂದೆ ನಿಂತಿರಬೇಕು. ಅದನ್ನು ಕಳಿಸಿಕೊಡಬಹುದೇ? ನಿಮ್ಮ ಮಗನನ್ನು ಕೇಳದೆ ನಿಮ್ಮನ್ನು ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಇಲ್ಲಿ ನಾಲ್ಕು ಜನರ ಒಂದು ಸಣ್ಣ ವಾದ್ಯತಂಡವಿದೆ. ಬೇಸ್ ನುಡಿಸುತ್ತಿದ್ದವನು ಊರು ಬಿಟ್ಟಿದ್ದಾನೆ, ನನ್ನನ್ನು ಕರೆದಿದ್ದಾರೆ. ಬೆರಳಿನ ವಿಷಯ ಹೇಳಿದ್ದೇನೆ. ಮೇ ಕೊನೆಯವರೆಗೆ ನೋಡೋಣ ಎಂದಿದ್ದಾರೆ.

ಇನ್ನೊಂದು. ಅದಕ್ಕೆ ಹಾಕಿರುವ ತಂತಿಗಳು ನಾಲ್ಕು ವರ್ಷ ಹಳೆಯವು, ಎಷ್ಟು ದಪ್ಪದವು ಎಂಬುದೇ ಮರೆತಿದೆ. ಮೇಲಿನ ಎರಡು ದಪ್ಪ ತಂತಿಗಳ ಅಳತೆ ತಿಳಿದರೆ ಈ ಬೆರಳಿಗೆ ಎಷ್ಟು ತೆಳುವಾದದ್ದು ಬೇಕು ಎಂದು ಲೆಕ್ಕ ಹಾಕಬಹುದು. ನಿಮ್ಮ ಪೆಟ್ಟಿಗೆಯಲ್ಲಿ ಅಳೆಯುವ ಸಾಧನ ಇದ್ದೇ ಇದೆ.

ಅತ್ತೆಗೆ ಹೇಳಿ, ಅವರು ಕೊಟ್ಟ ಬೂದು ಸ್ವೆಟರಿಗೆ ಮೊಣಕೈ ಹತ್ತಿರ ತೂತಾಗಿದೆ, ಆದರೂ ಬಿಟ್ಟಿಲ್ಲ. ಕೊನೆಯಲ್ಲಿ ನೀವಿಟ್ಟ ಅಡ್ಡಹೆಸರನ್ನೇ ಹಾಕುತ್ತೇನೆ. ಬೇರೆ ಯಾವುದು ಬರೆದರೂ ಸರಿ ಕಾಣುತ್ತಿಲ್ಲ.

ಇಂತಿ,
ಗುಬ್ಬಿ

ಮಾರ್ಚ್ 13

ಗುಬ್ಬಿ,

ನಿನ್ನ ಕಾಗದವನ್ನು ನಿನ್ನ ಅತ್ತೆ ಮೊದಲು ಓದಿದಳು. ಆಮೇಲೆ ನಾನು. ಆಮೇಲೆ ಮತ್ತೆ ಅವಳು, ನಾನು ಸರಿಯಾಗಿ ಓದಿದೆನೋ ಇಲ್ಲವೋ ಎಂದು ನೋಡಲು.

ಸಾಮಾನು ಕೋಣೆಯ ಆ ಕಬ್ಬಿಣದ ಬಾಗಿಲನ್ನು ಆವತ್ತಿನಿಂದ ನಾನು ತೆಗೆದಿರಲಿಲ್ಲ. ಸ್ಪ್ಯಾನರು ಬೇಕಾದರೂ ಇವಳನ್ನೇ ಕಳಿಸುತ್ತಿದ್ದೆ. ಮೊನ್ನೆ ಭಾನುವಾರ ತೆಗೆದೆ. ಗಿಟಾರು ನೀನು ಹೇಳಿದ ಜಾಗದಲ್ಲೇ ಇತ್ತು. ಮರಕ್ಕೆ ಏನೂ ಆಗಿಲ್ಲ. ತಂತಿ ಕಪ್ಪಾಗಿದೆ.

ಮೈಕ್ರೋಮೀಟರಿನಲ್ಲಿ ಅಳೆದೆ. ನಾನು ಓದುವುದು, ಇವಳು ಬರೆಯುವುದು. ಒಂದೊಂದು ತಂತಿಯನ್ನು ಮೂರು ಜಾಗದಲ್ಲಿ ನೋಡಿದೆವು, ಲಿಫ್ಟಿನ ಹಗ್ಗದ ಸವೆತ ನೋಡುವಾಗ ಮಾಡುವ ಹಾಗೆ. ಅತಿ ದಪ್ಪದ್ದು 2.67 ಮಿಲಿಮೀಟರ್. ಅದರ ಪಕ್ಕದ್ದು 2.16. ಉಳಿದೆರಡು 1.65 ಮತ್ತು 1.14. ಸಂಗೀತದವರು ಬೇರೆ ಲೆಕ್ಕದಲ್ಲಿ ಹೇಳುತ್ತಾರೇನೋ, ನನಗೆ ಗೊತ್ತಿಲ್ಲ. ನೀನು ತಿರುಗಿಸಿಕೋ.

ಗಿಟಾರನ್ನು ಹಾಗೇ ಕಳಿಸಲು ಮನಸ್ಸಿಲ್ಲ. ಯಾವ ತಂತಿ ಬೇಕು ಎಂದು ಬರೆ. ಇಲ್ಲಿ ಸಿಗುವುದಿದ್ದರೆ ಹಾಕಿಸಿಯೇ ಕಳಿಸುತ್ತೇನೆ. ಅಷ್ಟಾದರೂ ಮಾಡುವುದು ನನ್ನ ಕರ್ತವ್ಯ. ನನ್ನ ಮಗನಿಂದ ನಿನಗೆ ಆದದ್ದಕ್ಕೆ ನಾನು ಏನು ಹೇಳಿದರೂ ಕಡಿಮೆಯೇ. ಹೇಳಲು ಬರುವುದೂ ಇಲ್ಲ. ತಂತಿಯ ವಿಷಯವಾದರೆ ಸ್ವಲ್ಪ ತಿಳಿಯುತ್ತದೆ.

ಕೈಯನ್ನು ತಣ್ಣೀರಿನಲ್ಲಿ ಇಡಬೇಡ ಎಂದು ಇವಳು ಬರೆಯಹೇಳಿದಳು. ಮತ್ತೆ, ಆ ಸ್ವೆಟರನ್ನು ಕಳಿಸಿದರೆ ತೂತು ಮುಚ್ಚಿಕೊಡುತ್ತಾಳಂತೆ.

ಶುಭವಾಗಲಿ.
ಮಾವ

ಏಪ್ರಿಲ್ 1

ಮಾವ,

ಅಳತೆ ಸಿಕ್ಕಿತು. ನೀವು ಕೊಟ್ಟ ಅಂಕಿಗಳನ್ನು ತಿರುಗಿಸಿ ನೋಡಿದರೆ ಹಾಗೇ ಅಂಗಡಿಯ ಪೊಟ್ಟಣದ ಮೇಲಿನ ಅಂಕಿಗಳೇ ಬಂದವು. ನಾವು ಅಂಗುಲದ ಸಾವಿರ ಭಾಗದಲ್ಲಿ ಹೇಳುತ್ತೇವೆ. ನಾಲ್ಕನೆಯ ತಂತಿ, ಅಂದರೆ ಅತಿ ದಪ್ಪದ್ದು, ನೂರೈದು. ಮೂರನೆಯದು ಎಂಬತ್ತೈದು. ಇದು ಎಲ್ಲರೂ ಹಾಕುವ ಸಾಮಾನ್ಯ ಗೇಜು.

ಈಗ ನನ್ನ ತೊಡಕು ಕೇಳಿ. ಬೆರಳಿಗೆ ಬಲವಿಲ್ಲ, ಆದ್ದರಿಂದ ತೆಳುವಾದ ತಂತಿ ಬೇಕು. ತೊಂಬತ್ತೈದರ ತಂತಿಯನ್ನು ಒತ್ತಲು ಸುಲಭ. ಆದರೆ ತಂಡದ ಹಾಡುಗಾರ್ತಿಗೆ ಅರವತ್ತೆರಡು ವರ್ಷ. ದೊಡ್ಡಕ್ಕ ಎಂದೇ ಎಲ್ಲರೂ ಕರೆಯುವುದು. ಅವರ ಕಂಠ ವಯಸ್ಸಿನ ಜೊತೆ ಇಳಿದಿದೆ, ಇಳಿದೇ ಚೆನ್ನಾಗಿದೆ. ಅದಕ್ಕೆ ಹೊಂದಲು ಎಲ್ಲ ವಾದ್ಯಗಳ ಶ್ರುತಿಯನ್ನೂ ಒಂದು ಪೂರ್ತಿ ಸ್ವರ ಇಳಿಸಿಕೊಂಡಿದ್ದಾರೆ. ಇಳಿಸುವುದು ಎಂದರೆ ತಂತಿಯನ್ನು ಸಡಿಲ ಮಾಡುವುದು. ತೆಳು ತಂತಿಯನ್ನು ಅಷ್ಟು ಸಡಿಲ ಮಾಡಿದರೆ ಅದು ಒಣಹಾಕಿದ ಬಟ್ಟೆಯ ಹಗ್ಗದ ಹಾಗೆ ತೂಗಿ, ಗಿಟಾರಿನ ಕುತ್ತಿಗೆಯ ಲೋಹದ ಪಟ್ಟಿಗಳಿಗೆ ಬಡಿದು ಗರಗರ ಎನ್ನುತ್ತದೆ. ಹಾಗಾಗಬಾರದು ಎಂದರೆ ದಪ್ಪ ತಂತಿ ಬೇಕು. ದಪ್ಪದ್ದನ್ನು ನನ್ನ ಬೆರಳು ಒತ್ತಲಾರದು.

ಇಲ್ಲಿಯ ಅಂಗಡಿಯವನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ನಿಮಗೆ ಗಟ್ಟಿಯಾಗಿರೋ ಮೆತ್ತನೆ ತಂತಿ ಬೇಕು, ಅಲ್ವಾ?" ಎಂದ. ಹೌದು ಎಂದೆ. ಬಂದರೆ ತಿಳಿಸುತ್ತೇನೆ ಎಂದು ನನ್ನ ಹೆಸರು ಬರೆದುಕೊಂಡ. ಬರೆದ ಪೆನ್ನಿನಲ್ಲಿ ಶಾಯಿ ಇರಲಿಲ್ಲ.

ಮಗನ ಬಗ್ಗೆ ನೀವು ಬರೆದ ಮಾತು ಓದಿದೆ. ಮದುವೆ ಮುರಿದರೆ ಒಬ್ಬರದೇ ತಪ್ಪು ಇರುವುದಿಲ್ಲ ಮಾವ. ಅವರ ವಿಷಯ ನಾನು ಕೇಳುವುದಿಲ್ಲ, ನೀವೂ ಬರೆಯಬೇಡಿ. ಜುಲೈ ಮೊದಲ ವಾರ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಬೇಕಿದೆ. ಆವತ್ತು ಹೇಗೂ ಮುಖ ನೋಡಲೇಬೇಕು. ಅಲ್ಲಿಯವರೆಗೆ ತಂತಿಯ ಚಿಂತೆಯೇ ಸಾಕು.

ಗುಬ್ಬಿ

ಏಪ್ರಿಲ್ 15

ಗುಬ್ಬಿ,

ನಿನ್ನ ಅಂಗಡಿಯವನು ತಮಾಷೆ ಮಾಡಿದ, ಆದರೆ ಗಟ್ಟಿಯಾಗಿರುವ ಮೆತ್ತನೆಯ ತಂತಿ ಇಲ್ಲದೇ ಇಲ್ಲ. ನಾವು ದಿನಾ ಅದಕ್ಕೇ ಜೋತುಬಿದ್ದು ಮೇಲೆ ಕೆಳಗೆ ಓಡಾಡುತ್ತೇವೆ.

ಲಿಫ್ಟನ್ನು ಎಳೆಯುವ ಉಕ್ಕಿನ ಹಗ್ಗ ಕತ್ತರಿಸಿ ನೋಡಿದರೆ ನಡುವೆ ಒಂದು ತಿರುಳಿರುತ್ತದೆ. ಕೆಲವದರಲ್ಲಿ ತಿರುಳೂ ಉಕ್ಕು, ಕೆಲವದರಲ್ಲಿ ನಾರು. ಹೊರಗಿನಿಂದ ಎರಡೂ ಒಂದೇ ದಪ್ಪ. ನಾರಿನ ತಿರುಳಿನದು ಗಾಲಿಯ ಮೇಲೆ ಸುಲಭವಾಗಿ ಬಾಗುತ್ತದೆ, ಉಕ್ಕಿನದು ಸೆಟೆದುಕೊಳ್ಳುತ್ತದೆ. ನಿನ್ನ ತಂತಿಯಲ್ಲೂ ಹಾಗೇ ಏನಾದರೂ ಇರಬೇಕಲ್ಲ ಎಂದು, ಶನಿವಾರ ಕೆಲಸ ಮುಗಿದ ಮೇಲೆ ಇಲ್ಲಿಯ ವಾದ್ಯದಂಗಡಿಗೆ ಹೋದೆ. ಮೈಮೇಲೆ ಗ್ರೀಸಿನ ಬಟ್ಟೆ. ಪಾಪ, ಆ ಹೆಂಗಸು ಮೊದಲು ಲಿಫ್ಟು ರಿಪೇರಿಗೆ ಯಾರೂ ಕರೆದಿಲ್ಲವಲ್ಲ ಎಂದಳು. ಆಮೇಲೆ ಒಳ್ಳೆಯವಳೇ. ಹಳೇ ತಂತಿಗಳ ತುಂಡುಗಳ ಡಬ್ಬಿಯನ್ನೇ ಮುಂದಿಟ್ಟಳು. ಕತ್ತರಿಸಿದ ತುದಿಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ನಡುವೆ ಒಂದು ಎಳೆ, ಅದರ ಸುತ್ತ ಸುತ್ತಿದ ಇನ್ನೊಂದು. ಕೆಲವಕ್ಕೆ ನಡುವಿನ ಎಳೆ ದಪ್ಪ, ಆರು ಮೂಲೆಯದು. ಕೆಲವಕ್ಕೆ ತೆಳು, ದುಂಡನೆಯದು. ತೆಳು ಎಳೆಯದರ ಮೇಲೆ ಸುತ್ತು ದಪ್ಪವಿರುತ್ತದೆ, ಆದ್ದರಿಂದ ಒಟ್ಟು ದಪ್ಪ ಅಷ್ಟೇ. ತೂಕವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಶ್ರುತಿ ನಿಲ್ಲುತ್ತದೆ, ಬಾಗುವುದು ಮಾತ್ರ ಸುಲಭ. ಬೆರಳಿನಿಂದ ಬಗ್ಗಿಸಿ ನೋಡಿದೆ, ವ್ಯತ್ಯಾಸ ತಿಳಿಯುತ್ತದೆ.

ಹೀಗಾಗಿ ನೂರೈದು ಮತ್ತು ಎಂಬತ್ತೈದನ್ನೇ ತಂದಿದ್ದೇನೆ, ತೆಳು ಎಳೆಯವು. ಸಣ್ಣ ತಂತಿಗಳೆರಡು ಅರವತ್ತು, ನಲವತ್ತು. ಹಾಕಿಸಿ, ಸಡಿಲ ಬಿಟ್ಟು, ಪೆಟ್ಟಿಗೆಗೆ ಹಳೇ ಕಂಬಳಿ ತುಂಬಿ ನಾಳೆ ಪಾರ್ಸಲಿಗೆ ಕೊಡುತ್ತೇನೆ. ಶ್ರುತಿ ಮಾಡಿದ ಮೇಲೆ ಒಂದು ದಿನ ಹಾಗೇ ಬಿಡು. ಎಳೆತ ಬದಲಾದರೆ ಕುತ್ತಿಗೆ ಬಾಗುತ್ತದಂತೆ. ಅದನ್ನು ನೆಟ್ಟಗಿಡುವ ಒಳಗಿನ ಸರಳನ್ನು ತಿರುಗಿಸಬೇಕಾಗಿ ಬಂದರೆ ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ.

ಸ್ವೆಟರನ್ನು ಯಾಕೆ ಕಳಿಸಲಿಲ್ಲ ಎಂದು ಕೇಳುತ್ತಿದ್ದಾಳೆ.

ಮಾವ

ಮೇ 2

ಮಾವ,

ಗಿಟಾರು ಒಂದು ಗೀರೂ ಇಲ್ಲದೆ ಬಂತು. ಕಂಬಳಿಯ ಒಳಗೆ ಅತ್ತೆ ಇಟ್ಟ ಉಲ್ಲನ್ನಿನ ಉಂಡೆ ಮತ್ತು ಸೂಜಿಯೂ ಬಂತು. ನನಗೆ ಅರ್ಥವಾಯಿತು ಎಂದು ಹೇಳಿ.

ಒಳ್ಳೆಯ ಸುದ್ದಿಯನ್ನೇ ಬರೆಯಬೇಕೆಂದಿದ್ದೆ. ಅರ್ಧ ಒಳ್ಳೆಯದಿದೆ. ತಂತಿ ನೀವು ಹೇಳಿದ ಹಾಗೇ ಮೆತ್ತಗಿದೆ, ಇಳಿದ ಶ್ರುತಿಯಲ್ಲೂ ಬಡಿದುಕೊಳ್ಳುವುದಿಲ್ಲ. ಮೊದಲ ದಿನ ಹತ್ತು ನಿಮಿಷ ನುಡಿಸಿದೆ, ಮಾರನೆಯ ದಿನ ಹದಿನೈದು. ಖುಷಿಯಲ್ಲಿ ತಂಡದ ಅಭ್ಯಾಸಕ್ಕೂ ಹೋದೆ. ಶಾಲೆಯೊಂದರ ಹಿಂದಿನ ಶೆಡ್ಡು, ಮುರಿದ ಬೆಂಚುಗಳ ನಡುವೆ ಜಾಗ ಮಾಡಿಕೊಂಡಿದ್ದಾರೆ. ಎರಡನೆಯ ಹಾಡಿನ ಅರ್ಧದಲ್ಲಿ ಕಿರುಬೆರಳು ನಿಂತುಹೋಯಿತು. ನೋವಲ್ಲ, ಒತ್ತು ಎಂದರೆ ಒತ್ತುವುದೇ ಇಲ್ಲ, ಯಾರದೋ ಬೆರಳಿನ ಹಾಗೆ. ಸ್ವರ ಬೀಳಬೇಕಾದ ಕಡೆ ಠಪ್ ಎಂದು ಸತ್ತ ಶಬ್ದ. ಡ್ರಮ್ಮಿನವನು ನೋಡದವನ ಹಾಗೆ ಬೇರೆ ಕಡೆ ತಿರುಗಿದ. ಮನೆಗೆ ಹೊರಡುವಾಗ ದೊಡ್ಡಕ್ಕ, ಬೇಸ್ ನುಡಿಸುವ ಬೇರೆ ಹುಡುಗನೊಬ್ಬ ಇದ್ದಾನಂತೆ, ನೀನು ಈ ತಿಂಗಳ ಇಪ್ಪತ್ತೊಂಬತ್ತರವರೆಗೆ ಪ್ರಯತ್ನಪಡು, ಆಮೇಲೆ ನೋಡೋಣ ಎಂದರು. ಮೆತ್ತಗೇ ಹೇಳಿದರು.

ಕೈ ಚೆಲ್ಲಿಬಿಡೋಣ ಎನ್ನಿಸುತ್ತಿದೆ. ಕನ್ನಡಕದ ಅಂಗಡಿಯಲ್ಲಿ ಈ ಬೆರಳಿನ ತಂಟೆಗೆ ಯಾರೂ ಬರುವುದಿಲ್ಲ.

ಗುಬ್ಬಿ

ಮೇ 10

ಗುಬ್ಬಿ,

ಕೈ ಚೆಲ್ಲುವುದು ಇದ್ದೇ ಇದೆ, ಇಪ್ಪತ್ತೊಂಬತ್ತಕ್ಕೆ ಮಾಡಿದರಾಯಿತು. ಅದಕ್ಕೆ ಮೊದಲು ಒಂದು ಕೆಲಸ ಮಾಡು. ಒಂದು ಹಾಡು ತೆಗೆದುಕೊಂಡು, ಯಾವ ಬೆರಳು ಯಾವ ತಂತಿಯ ಮೇಲೆ ಎಷ್ಟು ಸಲ ಬೀಳುತ್ತದೆ ಎಂದು ಎಣಿಸಿ ಬರೆದುಕೋ. ಲಿಫ್ಟು ಕೈಕೊಟ್ಟಿದೆ ಎಂದು ಕರೆದಾಗ ನಾವು ಮೊದಲು ಕೇಳುವುದು ಯಾವ ಮಹಡಿಯಲ್ಲಿ ಹೆಚ್ಚು ನಿಲ್ಲುತ್ತದೆ ಎಂದು. ಎಲ್ಲ ಮಹಡಿಯ ಬಾಗಿಲೂ ಒಂದೇ ಸಮ ಸವೆಯುವುದಿಲ್ಲ. ಎರಡೂ ದಪ್ಪ ತಂತಿಗೂ ಒಂದೇ ಮದ್ದು ಯಾಕೆ ಎಂದು ನನಗೆ ಅನ್ನಿಸುತ್ತಿದೆ.

ಇನ್ನು, ನೀನು ಬರೆಯಬೇಡಿ ಎಂದದ್ದನ್ನೇ ಬರೆಯುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ಆವತ್ತು ಸಂಜೆ ನಾನು ಕೆಲಸದಿಂದ ಬಂದಾಗ ನೀನು ಮೆಟ್ಟಿಲ ಮೇಲೆ ಕೂತಿದ್ದೆ. ಕೈಗೆ ಸುತ್ತಿದ ಟವೆಲು ಕೆಂಪಾಗಿತ್ತು. ನಿನ್ನ ಅಕ್ಕ ಕಾರು ತಂದಿದ್ದಳು. ಅವಳ ಜೊತೆ ನಿನ್ನನ್ನು ಆಸ್ಪತ್ರೆಗೆ ಕಳಿಸಿ ಒಳಗೆ ಬಂದೆ. ಸಾಮಾನು ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ರಕ್ತ ಇತ್ತು. ಮಗ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ಏನಾಯಿತು ಎಂದು ಕೇಳಿದೆ. "ನನ್ನಿಂದಾಯ್ತು" ಎಂದ. ಅದಕ್ಕಿಂತ ಹೆಚ್ಚು ಕೇಳುವುದು ಏನಿತ್ತು? ಹೆಂಡತಿಯ ಕೈಯನ್ನು ಬಾಗಿಲಿಗೆ ಕೊಟ್ಟು ಜಜ್ಜಿದವನು ನನ್ನ ಮನೆಯಲ್ಲಿ ಇರಕೂಡದು ಎಂದೆ. ಆ ಸಂಜೆಯೇ ಹೋದ. ಈಗ ಅವನು ಹಲ್ಲಿನ ಸೆಟ್ಟು ಮಾಡುವ ತನ್ನ ಲ್ಯಾಬಿನ ಮೇಲಿನ ಕೋಣೆಯಲ್ಲಿದ್ದಾನೆ. ಒಂಬತ್ತು ತಿಂಗಳಿಂದ ನಾನು ಅವನ ಜೊತೆ ಮಾತಾಡಿಲ್ಲ. ನಿನ್ನ ಅತ್ತೆ ಪ್ರತಿ ವಾರ ಹೋಗಿ ನೋಡಿ ಬರುತ್ತಾಳೆ. ಒಂದು ಸಲ ಸರಿಯಾಗಿ ಕೂರಿಸಿ ಕೇಳಿ ಎಂದು ನನಗೆ ಎಷ್ಟೋ ಸಲ ಹೇಳಿದಳು. ತಾಯಿ ಹಾಗೆ ಹೇಳಲೇಬೇಕು ಎಂದು ಸುಮ್ಮನಾಗುತ್ತಿದ್ದೆ.

ಕೋರ್ಟಿನಲ್ಲಿ ನೀನು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಸುಮ್ಮನೆ ಹೊರಟುಬರಬೇಕಾಗಿಲ್ಲ. ಅವನು ಮಾಡಿದ್ದನ್ನು ಹೇಳು. ನಾನು ಬಂದು ಸಾಕ್ಷಿ ನುಡಿಯುತ್ತೇನೆ. ನನ್ನ ಮಗ ಎಂದು ಹಿಂಜರಿಯುವುದಿಲ್ಲ.

ಮಾವ

ಮೇ 14

ಮಾವ,

ಇವತ್ತೇ ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಮಧ್ಯಾಹ್ನ ಫೋನ್ ಮಾಡಿದೆ. ಅತ್ತೆ ಲೈಬ್ರರಿಯ ಕೆಲಸಕ್ಕೆ ಹೋಗಿದ್ದರು. ನೀವು ಎತ್ತಿ, ಮೂರು ಸಲ "ತಂತಿ ಸಿಕ್ತಾ" ಎಂದು ಕೇಳಿ, ಸರಿ ಸರಿ ಎಂದು ಇಟ್ಟುಬಿಟ್ಟಿರಿ.

ಅವರು ನನ್ನ ಕೈ ಜಜ್ಜಲಿಲ್ಲ. ಅವರು ಆ ಬಾಗಿಲನ್ನು ಮುಟ್ಟಲೂ ಇಲ್ಲ. ಎಳೆದವಳು ನಾನು.

ಆವತ್ತು ನಾವು ಜಗಳವಾಡಿದ್ದು ನಿಜ. ಎರಡು ವರ್ಷದಿಂದ ಮನೆಯಲ್ಲಿ ನಮ್ಮಿಬ್ಬರ ಮಾತು ನಿಂತೇಹೋಗಿತ್ತು, ನಿಮ್ಮ ಮುಂದೆ ಮಾತ್ರ ಆಡುತ್ತಿದ್ದೆವು. ಅವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ, "ಆ ಮರದ ತುಂಡಿನ ಜೊತೆ ದಿನಾ ಎರಡು ಗಂಟೆ ಇರ್ತೀಯ. ನನ್ನ ಜೊತೆ ಎರಡು ಮಾತಿಲ್ಲ" ಎಂದರು. ಸಿಟ್ಟು ಬಂತು, ಯಾಕೆಂದರೆ ಸುಳ್ಳಾಗಿರಲಿಲ್ಲ. ಇನ್ನು ಮುಟ್ಟುವುದೇ ಇಲ್ಲ ಎಂದು ಗಿಟಾರನ್ನು ತೆಗೆದುಕೊಂಡು ಹೋಗಿ ಸಾಮಾನು ಕೋಣೆಯಲ್ಲಿ ನಿಲ್ಲಿಸಿದೆ. ಎಡಗೈ ಚೌಕಟ್ಟಿನ ಮೇಲಿತ್ತು. ಅದು ಅಲ್ಲಿದೆ ಎಂಬುದೇ ನೆನಪಿರಲಿಲ್ಲ. ಬಲಗೈಯಿಂದ ಬಾಗಿಲನ್ನು ಇದ್ದಬದ್ದ ಶಕ್ತಿಯಿಂದ ಎಳೆದೆ. ಅವರಿಗೆ ಕೇಳಿಸಬೇಕೆಂದೇ ಅಷ್ಟು ಜೋರಾಗಿ ಎಳೆದದ್ದು.

ಓಡಿಬಂದು ಬಾಗಿಲು ತೆಗೆದವರು ಅವರು. ಟವೆಲು ಸುತ್ತಿದವರು ಅವರು. ಅಕ್ಕನಿಗೆ ಫೋನ್ ಮಾಡಿದವರೂ ಅವರೇ, ಅವರ ಜೊತೆ ಹೋಗಲು ನಾನು ಒಪ್ಪಲಿಲ್ಲ ಎಂದು. ಅವರು ಮನೆ ಬಿಟ್ಟದ್ದು ತಮ್ಮ ಇಷ್ಟದಿಂದ ಎಂದು ನಾನು ತಿಳಿದಿದ್ದೆ. ನಡೆದದ್ದು ನಿಮಗೆಲ್ಲ ಗೊತ್ತಿದೆ ಎಂದೂ ತಿಳಿದಿದ್ದೆ. ನಾನಾದರೂ ಒಂದು ಸಾಲು ಬರೆಯಬಹುದಿತ್ತು. ನಾಚಿಕೆಯಾಗಿತ್ತು ಮಾವ. ಸಿಟ್ಟಿನಲ್ಲಿ ನನ್ನ ಕೈ ನಾನೇ ಜಜ್ಜಿಕೊಂಡೆ ಎಂದು ಯಾರಿಗೆ ಹೇಳಲಿ? ಡಾಕ್ಟರಮ್ಮನಿಗೂ ಗಾಳಿಗೆ ಬಾಗಿಲು ಬಡಿಯಿತು ಎಂದೇ ಹೇಳಿದ್ದೇನೆ.

ನಾವಿಬ್ಬರೂ ಗಂಡ ಹೆಂಡತಿಯಾಗಿ ಸರಿಹೋಗಲಿಲ್ಲ. ಆದರೆ ಅವರು ನನ್ನ ಮೇಲೆ ಯಾವತ್ತೂ ಕೈ ಮಾಡಿದವರಲ್ಲ, ದನಿ ಎತ್ತಿದವರೂ ಅಲ್ಲ. ಈ ಕಾಗದ ಓದಿದ ಕೂಡಲೇ ಹೋಗಿ. ದಯವಿಟ್ಟು.

ಎಣಿಸು ಎಂದಿರಿ, ಎಣಿಸಿದೆ. ಅದರ ವಿಷಯ ಆಮೇಲೆ.

ಗುಬ್ಬಿ

ಮೇ 18

ಗುಬ್ಬಿ,

ಅಂಚೆಯವನು ಶನಿವಾರ ಹನ್ನೊಂದಕ್ಕೆ ತಂದುಕೊಟ್ಟ. ಓದಿ, ಇವಳಿಗೆ ಕೊಟ್ಟೆ. ಇವಳು ಓದಿ ನನ್ನ ಚಪ್ಪಲಿ ತಂದು ಮುಂದೆ ಇಟ್ಟಳು.

ಲ್ಯಾಬಿನ ಬಾಗಿಲು ತೆರೆದೇ ಇತ್ತು. ಅವನು ದೀಪದ ಕೆಳಗೆ ಕೂತು ಯಾರದೋ ಮೇಲ್ದವಡೆಯ ಹಲ್ಲುಗಳನ್ನು ಮೇಣದಲ್ಲಿ ಜೋಡಿಸುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಸೊರಗಿದ್ದಾನೆ. ನಿನ್ನ ಕಾಗದವನ್ನೇ ಅವನ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದ.

"ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದೆ.

"ಜಗಳ ತೆಗೆದವನು ನಾನು. ನಾನು ಸುಮ್ನಿದ್ದಿದ್ರೆ ಅವಳು ಆ ಬಾಗಿಲ ಹತ್ರ ಹೋಗ್ತಾನೇ ಇರ್ಲಿಲ್ಲ. ಅದಕ್ಕೇ ನನ್ನಿಂದಾಯ್ತು ಅಂದೆ."

"ನಾನು ಬೇರೆ ಅರ್ಥ ಮಾಡ್ಕೊಂಡೆ ಅಂತ ಗೊತ್ತಾಗ್ಲಿಲ್ವಾ?"

ಅವನು ಮೇಣ ಕೆತ್ತುವ ಚಾಕುವನ್ನು ಒರೆಸಿಟ್ಟ. "ಗೊತ್ತಾಯ್ತು. ಆಮೇಲೆ ಹೇಳೋಕೆ ಮನಸ್ಸಾಗ್ಲಿಲ್ಲ. ನಾನು ಅಂಥದ್ದು ಮಾಡ್ತೀನಿ ಅಂತ ನೀನು ಒಂದೇ ನಿಮಿಷದಲ್ಲಿ ನಂಬಿಬಿಟ್ಯಲ್ಲ ಅಪ್ಪ."

ತಪ್ಪಾಯಿತು ಎಂದೆ. ಅವನಿಗೆ ನಾನು ಆ ಮಾತು ಹೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು ಇರಬೇಕು. ಅವನು ಕುರ್ಚಿ ಎಳೆದುಕೊಟ್ಟ. ಕೆಳಗಿನಿಂದ ಟೀ ತಂದ. ಆಮೇಲೆ ನಾವಿಬ್ಬರೂ ಆ ಹಲ್ಲಿನ ಸೆಟ್ಟಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆವು, ಒಂದೊಂದು ಹಲ್ಲನ್ನು ಯಾವ ಓರೆಗೆ ಕೂರಿಸಬೇಕು, ಅಗಿಯುವಾಗ ಭಾರ ಎಲ್ಲಿ ಬೀಳುತ್ತದೆ ಎಂದು. ಅವನಿಗೆ ಇಷ್ಟೆಲ್ಲ ತಿಳಿದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಾ ಎಂದೆ. ಸ್ವಲ್ಪ ದಿನ ಬಿಡು ಎಂದ. ಬಿಟ್ಟೆ. ಒತ್ತಾಯ ಮಾಡುವ ಬಾಯಿ ನನಗೆ ಎಲ್ಲಿದೆ.

ಇಷ್ಟು ತಿಂಗಳು ನನ್ನ ಮಗ ಕೆಟ್ಟವನು ಎಂದುಕೊಂಡೇ ಬೆಳಿಗ್ಗೆ ಏಳುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಈ ಎರಡು ದಿನದಿಂದ ಇವಳು ಬಡಿಸಿದ್ದನ್ನೆಲ್ಲ ತಿಂದು ಮತ್ತೆ ಕೇಳುತ್ತಿದ್ದೇನಂತೆ. ಕಾಗದ ಬರೆದ ನಿನಗೆ ಏನು ಹೇಳಲಿ, ಒಳ್ಳೆಯದಾಗಲಿ.

ಎಣಿಕೆ ಎಷ್ಟು ಬಂತು?

ಮಾವ

ಜೂನ್ 21

ಮಾವ,

ಉತ್ತರ ತಡವಾಯಿತು, ಕಾರಣ ಓದಿದರೆ ಬೈಯುವುದಿಲ್ಲ.

ಎಣಿಕೆ ಹೀಗೆ ಬಂತು. ಒಂದು ಹಾಡಿನಲ್ಲಿ ನಾಲ್ಕನೆಯ ತಂತಿ ನೂರಾ ಹನ್ನೆರಡು ಸಲ. ಅದರಲ್ಲಿ ತೊಂಬತ್ತಾರು ಸಲ ಬೆರಳೇ ಇಡದ ಖಾಲಿ ತಂತಿ, ಇಲ್ಲವೇ ತೋರುಬೆರಳು. ಕಿರುಬೆರಳು ಬೀಳುವುದೆಲ್ಲ ಮೂರನೆಯ ತಂತಿಯ ಮೇಲೆ. ಆರು ವರ್ಷ ನುಡಿಸಿದ್ದೇನೆ, ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ನಾಲ್ಕನೆಯದನ್ನು ತೆಳು ಮಾಡಬೇಕಾದ ಅಗತ್ಯವೇ ಇರಲಿಲ್ಲ. ಅದಕ್ಕೆ ನಿಮ್ಮ ನೂರೈದೇ ಇರಲಿ ಎಂದು, ಮೂರನೆಯದನ್ನು ಮಾತ್ರ ಬದಲಾಯಿಸಿದೆ. ಮೊದಲು ಎಪ್ಪತ್ತೈದು ಹಾಕಿದೆ, ಬೆರಳಿಗೆ ಸ್ವರ್ಗ, ಆದರೆ ಗರಗರ. ಆಮೇಲೆ ಎಂಬತ್ತು, ತೆಳು ಎಳೆಯದು. ನಿಂತಿತು. ಇಂಥ ಜೋಡಿ ಯಾವ ಪೊಟ್ಟಣದಲ್ಲೂ ಬರುವುದಿಲ್ಲ ಎಂದು ಅಂಗಡಿಯವನು ವಾದ ಮಾಡಿದ. ಬಿಡಿಯಾಗಿ ಕೊಡಿ ಎಂದೆ.

ಮೇ ಇಪ್ಪತ್ತೊಂಬತ್ತರ ಅಭ್ಯಾಸದಲ್ಲಿ ಐದು ಹಾಡು ನುಡಿಸಿದೆ. ಕೊನೆಯದರಲ್ಲಿ ಬೆರಳು ನಡುಗುತ್ತಿತ್ತು, ಆದರೆ ಪ್ರತಿ ಸಲವೂ ಒತ್ತಿತು. ದೊಡ್ಡಕ್ಕ ಮೈಕಿನ ವೈರು ಸುತ್ತುತ್ತಾ, "ಆ ಹುಡುಗನಿಗೆ ಬರಬೇಡ ಅಂತ ಹೇಳಿಬಿಡ್ತೀನಿ" ಎಂದರು. ಡ್ರಮ್ಮಿನವನು ಈ ಸಲ ನನ್ನ ಕಡೆಗೇ ನೋಡಿದ. ನಾನು ಶೆಡ್ಡಿನ ಹಿಂದೆ ಹೋಗಿ ನಲ್ಲಿಯ ಕೆಳಗೆ ಮುಖ ತೊಳೆದುಕೊಂಡು ಬಂದೆ.

ನಿನ್ನೆ ಸಂಜೆ ಮೊದಲ ಕಾರ್ಯಕ್ರಮ, ಕಂಪನಿಯೊಂದರ ಸಭಾಂಗಣದಲ್ಲಿ. ಒಂದು ಕಡೆ ನಾನು ತಪ್ಪಿದೆ. ಬೆರಳಿನ ತಪ್ಪಲ್ಲ, ದೊಡ್ಡಕ್ಕನ ಹಾಡು ಕೇಳುತ್ತಾ ಮೈಮರೆತದ್ದು. ಯಾರಿಗೂ ತಿಳಿಯಲಿಲ್ಲ. ತಿಳಿದಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ.

ಡಾಕ್ಟರಮ್ಮನಿಗೆ ಗಾಳಿಯ ಕಥೆ ಸುಳ್ಳು ಎಂದು ಹೇಳಿದೆ. ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ.

ನಿಮ್ಮ ಮಗ ಕಳೆದ ವಾರ ಫೋನ್ ಮಾಡಿದ್ದರು. ಕೋರ್ಟಿನ ತಾರೀಕು ಜುಲೈ ಮೂರಕ್ಕೆ ಎಂದು ಹೇಳಲು. ಅದನ್ನು ಹೇಳಿ ಮುಗಿಸಿದ ಮೇಲೂ ಇಬ್ಬರೂ ಇಡಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದೆವು. ಮದುವೆಯಾಗಿದ್ದಾಗ ಒಂದೇ ಸಲಕ್ಕೆ ಅಷ್ಟು ಮಾತಾಡಿದ ನೆನಪಿಲ್ಲ. ಸಹಿ ಹಾಕುವುದು ಹಾಕುತ್ತೇವೆ, ಅದರಲ್ಲಿ ಬದಲಾವಣೆ ಇಲ್ಲ. ಆದರೆ ಈಗ ಹೆದರಿಕೆಯಾಗುತ್ತಿಲ್ಲ. ನೀವೂ ಬರುತ್ತೀರಾ?

ಗುಬ್ಬಿ

ಜುಲೈ 5

ಗುಬ್ಬಿ,

ನೀನು ಸುಖವಾಗಿ ತಲುಪಿದೆ ಎಂದು ಮಗನ ಫೋನಿಗೆ ಸಂದೇಶ ಬಂತಂತೆ. ತೋರಿಸಿದ.

ಕೋರ್ಟಿನ ಒಳಗೆ ಹತ್ತು ನಿಮಿಷವೂ ಆಗಲಿಲ್ಲವಲ್ಲ. ಬೆಂಚಿನ ಮೇಲೆ ಕಾದದ್ದೇ ಮೂರು ಗಂಟೆ. ಅಷ್ಟು ಹೊತ್ತು ನೀವಿಬ್ಬರೂ ನನ್ನ ಎರಡು ಪಕ್ಕ ಕೂತು, ನನ್ನ ತಲೆಯ ಮೇಲಿನಿಂದ ಮಾತಾಡಿದಿರಿ. ಏನು ಎಂದು ಪೂರ್ತಿ ಕೇಳಿಸಲಿಲ್ಲ. ಒಂದೆರಡು ಸಲ ನಕ್ಕದ್ದು ಗೊತ್ತಾಯಿತು. ಸಹಿ ಹಾಕುವಾಗ ಅವನ ಪೆನ್ನು ನಿಂತುಹೋಗಿ, ನೀನು ನಿನ್ನದನ್ನು ಕೊಟ್ಟದ್ದನ್ನು ನೋಡಿದೆ. ಅಷ್ಟು ಹೊತ್ತೂ ನನ್ನ ಕಣ್ಣು ನಿನ್ನ ಎಡಗೈಯ ಮೇಲೇ ಇತ್ತು. ಕಾಗದವನ್ನು ನೀನು ಕಿರುಬೆರಳಿನಿಂದ ಒತ್ತಿ ಹಿಡಿದಿದ್ದೆ.

ನಿನ್ನ ಅತ್ತೆಗೆ ಎಲ್ಲ ಹೇಳಿದೆ. ಕೋರ್ಟಿನ ಮೆಟ್ಟಿಲು ಹತ್ತಲಾರೆ ಎಂದು ಅವಳು ಮನೆಯಲ್ಲೇ ಉಳಿದದ್ದು ನಿನ್ನ ಮೇಲಿನ ಕೋಪದಿಂದಲ್ಲ, ಅದು ನಿನಗೆ ಗೊತ್ತು. ರಜೆ ಸಿಕ್ಕಾಗ ಬಾ. ಅವಳು ಇನ್ನೊಂದು ಸ್ವೆಟರು ಶುರು ಮಾಡಿದ್ದಾಳೆ, ಹಸಿರು. ಸೊಸೆಗೆ ಎಂದು ಹೇಳುವುದೋ ಮಗಳಿಗೆ ಎಂದು ಹೇಳುವುದೋ ಎಂದು ನಾನು ತಮಾಷೆ ಮಾಡಿದೆ. "ಅಳತೆ ಗೊತ್ತಿದೆ, ಅಷ್ಟು ಸಾಕು" ಎಂದಳು.

ನಿನ್ನ ಬಸ್ಸು ಹೊರಟ ಮೇಲೂ ಅವನು ಸ್ವಲ್ಪ ಹೊತ್ತು ನಿಲ್ದಾಣದಲ್ಲೇ ನಿಂತಿದ್ದ. ನಾನೂ ನಿಂತೆ, ಅವಸರ ಮಾಡಲಿಲ್ಲ. ಆಮೇಲೆ ಅವನೇ, "ನಡಿ ಅಪ್ಪ, ಮನೆಗೆ ಹೋಗೋಣ" ಎಂದ. ಯಾವ ಮನೆ ಎಂದು ನಾನು ಕೇಳಲಿಲ್ಲ. ಅವನು ನಮ್ಮ ಬೀದಿಯ ಬಸ್ಸಿಗೆ ಕೈ ತೋರಿಸಿದ.

ಮಾವ